ಕಂದು ಕಲೆ ಬೇರೆ, ಹುಳುಕು ಬೇರೆ

(ಗೌನಿಪಲ್ಲಿಯಲ್ಲಿ ಪಾಲಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ಮಕ್ಕಳ ಹಲ್ಲಿನ ಬಗ್ಗೆ ಮಾತನಾಡಲು ಒಂದು ಸಭೆ ಬೇಕೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಶಿಕ್ಷಣ, ಮೀಸಲಾತಿ, ವಕ್ಫ್ ಆಸ್ತಿ, ವರದಕ್ಷಿಣೆ ಹೀಗೆ ನಮ್ಮ ಸಭೆಗಳಿಗೆ ವಿಷಯಗಳ ಕೊರತೆಯಿಲ್ಲ. ಆದರೆ ಈ ನಾಲ್ಕರಲ್ಲಿ ಎರಡು ವಿಷಯಗಳಿಗೂ ಮಕ್ಕಳ ಬಾಯಿಗೂ ನೇರ ಸಂಬಂಧವಿದೆ. ಹಲ್ಲುನೋವಿನಿಂದ ಇರುಳಿಡೀ ಅತ್ತ ಮಗು ಮರುದಿನ ತರಗತಿಯಲ್ಲಿ ಕುಳಿತು ಏನನ್ನು ಕಲಿತೀತು? ಹುಡುಗಿಯ ಹಲ್ಲಿನ ಮೇಲಿನ ಕಲೆಯನ್ನು ನೆಪ ಮಾಡಿಕೊಂಡು ವರನ ಕಡೆಯವರು ಇನ್ನೂ ಇಪ್ಪತ್ತು ಸಾವಿರ, ಇನ್ನೊಂದು ಬೈಕು ಕೇಳುವುದನ್ನು ಈ ಸೀಮೆಯಲ್ಲಿ ಯಾರು ಕಂಡಿಲ್ಲ? ಆದ್ದರಿಂದ ಇಂದಿನ ಒಂದು ಗಂಟೆಯನ್ನು ಈ ಸಣ್ಣ ವಿಷಯಕ್ಕೆ ಕೊಡೋಣ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕಾಗಿದೆ. ಈ ಭಾಗದ ಮಕ್ಕಳ ಹಲ್ಲಿಗೆ ಎರಡು ಬೇರೆ ಬೇರೆ ತೊಂದರೆಗಳು ಬರುತ್ತವೆ. ಒಂದು, ಬಾಚಿಹಲ್ಲುಗಳ ಮೇಲೆ ಸುಣ್ಣದ ಗೆರೆ ಎಳೆದಂತೆ ಕಾಣುವ ಬಿಳುಪು, ಬರಬರುತ್ತಾ ಹಳದಿ, ಕಂದು ಪಟ್ಟೆಗಳು. ಇದರ ಹೆಸರು ಫ್ಲೋರೋಸಿಸ್. ಇನ್ನೊಂದು, ಹಲ್ಲು ಕಪ್ಪಾಗಿ, ತೂತಾಗಿ, ಬುಡದವರೆಗೆ ಕೊಳೆಯುವ ಹುಳುಕು. ಮೊದಲನೆಯದು ಕುಡಿಯುವ ನೀರಿನಿಂದ ಬರುತ್ತದೆ. ಎರಡನೆಯದು ಸಕ್ಕರೆಯಿಂದ ಮತ್ತು ನಮ್ಮ ಅಲಕ್ಷ್ಯದಿಂದ. ಮೊದಲನೆಯದನ್ನು ಎಷ್ಟು ಉಜ್ಜಿದರೂ ತೆಗೆಯಲಾಗದು. ಎರಡನೆಯದನ್ನು ದಿನವೂ ಉಜ್ಜಿ ತಡೆಯಬಹುದು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ನಾಚಬೇಕಾಗಿಲ್ಲದ ಕಲೆಗೆ ನಾಚಿ, ಮಗುವಿನ ಹಲ್ಲನ್ನು ಇಟ್ಟಿಗೆ ಪುಡಿ, ಇದ್ದಿಲು, ಹರಳುಪ್ಪಿನಿಂದ ತಿಕ್ಕಿ ಸವೆಸುತ್ತೇವೆ. ಭಯಪಡಬೇಕಾದ ಹುಳುಕನ್ನು ಕಂಡು, "ಹಾಲುಹಲ್ಲು ತಾನೇ, ಬಿದ್ದು ಹೋಗುತ್ತದೆ ಬಿಡಿ" ಎಂದು ಸುಮ್ಮನಾಗುತ್ತೇವೆ.

ಕಲೆಯ ವಿಚಾರವನ್ನು ಮೊದಲು ನೋಡೋಣ.

ಕೋಲಾರ ಜಿಲ್ಲೆಯ ನೆಲದಡಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಕಲ್ಲಿನೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಕಲ್ಲಿನ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚು ಕರಗಿ ನೀರಿಗೆ ಸೇರುತ್ತದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯನ್ನು ಶತಮಾನಗಳ ಕಾಲ ಕಾಪಾಡಿದ್ದು ಕೆರೆಗಳು. ನಮ್ಮ ಅಜ್ಜ ಅಜ್ಜಿಯರು ಕುಡಿದದ್ದು ಕೆರೆಯ ಕೆಳಗಿನ ತೆರೆದ ಬಾವಿಯ ನೀರು. ಮಳೆ ಬಂದಾಗಲೆಲ್ಲ ತುಂಬಿ ಹೊಸದಾಗುತ್ತಿದ್ದ ಮೇಲುನೀರು ಅದು. ಕೆರೆಗಳಲ್ಲಿ ಹೂಳು ತುಂಬಿತು, ಕಾಲುವೆಗಳು ಮುಚ್ಚಿಹೋದವು, ಬಾವಿಗಳು ಬತ್ತಿದವು, ಕೊಳವೆಬಾವಿ ಬಂತು. ಮೊದಲು ಇನ್ನೂರು ಅಡಿಗೆ ಸಿಗುತ್ತಿದ್ದ ನೀರಿಗಾಗಿ ಈಗ ಸಾವಿರ ಅಡಿ ದಾಟಿ ಕೊರೆಯುತ್ತಿದ್ದೇವೆ. ಆ ಆಳದಲ್ಲಿ ಸಿಗುವುದು ಎಷ್ಟೋ ವರ್ಷಗಳಿಂದ ಕಲ್ಲಿನೊಂದಿಗೆ ಕೂಡಿಕೊಂಡಿದ್ದ ನೀರು. ಅಜ್ಜನ ಹಲ್ಲು ಬಿಳಿಯಾಗಿದ್ದು ಮೊಮ್ಮಗನ ಹಲ್ಲು ಕಂದಾಗಿದ್ದರೆ, ಮೊಮ್ಮಗ ಸೋಮಾರಿ ಎಂದು ಅದರ ಅರ್ಥವಲ್ಲ. ಇಬ್ಬರೂ ಕುಡಿದ ನೀರು ಬೇರೆ.

ಕುಡಿಯುವ ನೀರಿಗೆ ಭಾರತೀಯ ಮಾನಕವು ಒಂದು ಮಿತಿಯನ್ನು ಹಾಕಿದೆ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅಡ್ಡಿಯಿಲ್ಲ. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಅದು ಕುಡಿಯಲು ತಕ್ಕ ನೀರಲ್ಲ. ಶ್ರೀನಿವಾಸಪುರ, ಮುಳಬಾಗಿಲು ಸೇರಿದಂತೆ ಈ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿಗಳು ಈ ಗೆರೆಯನ್ನು ದಾಟಿವೆ. ಹಾಗೆಂದು ಎಲ್ಲ ಬಾವಿಗಳೂ ಕೆಟ್ಟವು ಎಂದು ತಿಳಿಯಬಾರದು. ಒಂದೇ ಊರಿನಲ್ಲಿ, ನೂರು ಮಾರು ಅಂತರದ ಎರಡು ಕೊಳವೆಬಾವಿಗಳಲ್ಲಿ ಒಂದರ ನೀರು ಒಳ್ಳೆಯದಿದ್ದು ಮತ್ತೊಂದರದು ಕೆಟ್ಟದ್ದಿರಬಹುದು. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ ನಾಲಿಗೆಯನ್ನು ನಂಬಿ ಪ್ರಯೋಜನವಿಲ್ಲ. ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಇನ್ನೊಂದು ಮಾತನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. "ನಾವು ಮಗುವಿಗೆ ಕಾಯಿಸಿ ಆರಿಸಿದ ನೀರನ್ನೇ ಕೊಡುತ್ತೇವೆ" ಎಂಬ ಸಮಾಧಾನ ಇಲ್ಲಿ ನೆರವಿಗೆ ಬಾರದು. ಮನೆಯಲ್ಲಿರುವ ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಕೂಡ ಇದನ್ನು ಹಿಡಿಯುವುದಿಲ್ಲ.

ಹಲ್ಲಿಗೆ ಈ ಕಲೆ ಯಾವಾಗ ಬೀಳುತ್ತದೆ? ಹಲ್ಲು ಹುಟ್ಟಿದ ಮೇಲಲ್ಲ, ವಸಡಿನ ಒಳಗೆ ಅದು ರೂಪುಗೊಳ್ಳುತ್ತಿರುವಾಗಲೇ. ಆರು, ಏಳು ವರ್ಷಕ್ಕೆ ಹೊರಬರುವ ಮುಂದಿನ ಶಾಶ್ವತ ಹಲ್ಲುಗಳ ಹೊರಕವಚವು ಮಗುವಿಗೆ ಮೂರು, ನಾಲ್ಕು ತಿಂಗಳಾಗಿರುವಾಗಲೇ ಕಟ್ಟಿಕೊಳ್ಳಲು ತೊಡಗಿ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಆ ಕಾಲದಲ್ಲಿ ದೇಹಕ್ಕೆ ಹೆಚ್ಚು ಫ್ಲೋರೈಡ್ ಸೇರಿದರೆ ಕವಚ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಲ್ಲಲ್ಲಿ ರಂಧ್ರಮಯವಾಗಿ ಉಳಿದು, ಹೊರಬಂದ ಮೇಲೆ ಬಣ್ಣ ಹಿಡಿಯುತ್ತದೆ. ಹಿಂದಿನ ಹಲ್ಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಎಂಟನೆಯ ವರ್ಷದವರೆಗೆ ಈ ಅಪಾಯವಿದೆ. ಅನಂತರ ಅದೇ ನೀರು ಕುಡಿದರೂ ಹಲ್ಲಿಗೆ ಹೊಸ ಕಲೆ ಬೀಳದು. (ಮೂಳೆಗೆ ಅಪಾಯ ತಪ್ಪಿದ್ದಲ್ಲ. ಫ್ಲೋರೈಡ್ ತುಂಬಾ ಹೆಚ್ಚಿರುವ ನೀರನ್ನು ಹಲವಾರು ವರ್ಷ ಕುಡಿದವರ ಸೊಂಟ, ಕುತ್ತಿಗೆ, ಕೀಲುಗಳು ಬಿಗಿದುಕೊಳ್ಳುತ್ತವೆ. ಆ ವಿಷಯ ಇನ್ನೊಂದು ದಿನಕ್ಕಿರಲಿ.) ಅಂದರೆ ಏಳನೆಯ ತರಗತಿಯ ಹುಡುಗಿಯ ಹಲ್ಲಿನ ಕಲೆ ಅವಳು ಇಂದು ಮಾಡಿದ ತಪ್ಪಿನಿಂದ ಬಂದುದಲ್ಲ. ಅವಳು ತೊಟ್ಟಿಲಲ್ಲಿದ್ದಾಗ, ಅಂಗನವಾಡಿಗೆ ಹೋಗುತ್ತಿದ್ದಾಗ ನಾವು ಅವಳಿಗೆ ಕುಡಿಸಿದ ನೀರು ಬರೆದ ಬರಹ ಅದು.

ಈ ತಿಳಿವಳಿಕೆ ಹೊಸತೇನಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು 1901ರಲ್ಲಿ ಅಲ್ಲಿನ ಜನರ ಕಂದು ಹಲ್ಲುಗಳನ್ನು ಕಂಡು ಬೆರಗಾಗಿ ಕಾರಣ ಹುಡುಕಲು ತೊಡಗಿದರು. ನೀರಿನ ಫ್ಲೋರೈಡೇ ಕಾರಣವೆಂದು ಗೊತ್ತಾಗಲು 1931ರವರೆಗೆ, ಅಂದರೆ ಮೂವತ್ತು ವರ್ಷ ಬೇಕಾಯಿತು. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಂಟು ದಶಕಗಳಿಗೂ ಹೆಚ್ಚು ಕಾಲ ಕಳೆದಿದೆ. ಕಾರಣ ತಿಳಿದೂ ಇಷ್ಟು ವರ್ಷ ಒಂದು ತಲೆಮಾರಿನ ನಂತರ ಇನ್ನೊಂದು ತಲೆಮಾರಿನ ಹಲ್ಲು ಕಂದಾಗುತ್ತಿದ್ದರೆ, ಅದನ್ನು ವಿಧಿ ಎನ್ನಲು ಸಾಧ್ಯವಿಲ್ಲ.

ಈಗ ಮದುವೆಯ ಮಾತಿಗೆ ಬರೋಣ. ಹೆಣ್ಣು ನೋಡಲು ಬಂದವರು, "ಹುಡುಗಿ ಚೆನ್ನಾಗಿದ್ದಾಳೆ, ಆದರೆ ಹಲ್ಲು..." ಎಂದು ಮಾತು ನಿಲ್ಲಿಸುತ್ತಾರೆ. ಆ ಅರ್ಧ ವಾಕ್ಯಕ್ಕೆ ಹುಡುಗಿಯ ತಂದೆ ಬೆಲೆ ತೆರಬೇಕಾಗುತ್ತದೆ. ಹುಡುಗಿ ಹತ್ತು ಹನ್ನೆರಡು ವರ್ಷದಿಂದಲೇ ದುಪಟ್ಟಾದ ಅಂಚಿನಿಂದ ಬಾಯಿ ಮುಚ್ಚಿ ನಗಲು ಕಲಿಯುತ್ತಾಳೆ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಲು ಹಿಂಜರಿಯುತ್ತಾಳೆ. ಆಕೆಯ ತಾಯಿಗೆ, "ಮಗಳಿಗೆ ಹಲ್ಲುಜ್ಜುವುದನ್ನೂ ಕಲಿಸಲಿಲ್ಲವೇ?" ಎಂಬ ಚುಚ್ಚುಮಾತು ಬೇರೆ. ವರ ಮಹಾಶಯರೂ ಅದೇ ತಾಲೂಕಿನ ನೀರು ಕುಡಿದು ಬೆಳೆದವರು. ಅವರ ಹಲ್ಲುಗಳೂ ಅದೇ ಬಣ್ಣದವು. ಮೀಸೆಯ ನೆರಳಿನಲ್ಲಿ ಅವು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ. ನೆಲದಡಿಯ ಕಲ್ಲಿನ ಗುಣವನ್ನು ಹೆಣ್ಣುಮಗಳ ದೋಷವೆಂದು ಪರಿಗಣಿಸಿ ಅದಕ್ಕೆ ದರ ಕಟ್ಟುವುದು ಎಂತಹ ನ್ಯಾಯ? ಮಹರ್ ಕೊಡಬೇಕಾದವನು ಕೈ ಚಾಚಿ ಕೇಳುವುದೇ ಒಂದು ಅಕ್ರಮ. ಅದಕ್ಕೆ ಕೊಳವೆಬಾವಿಯ ನೆಪ ಬೇರೆ. ಇಂತಹ ಮಾತು ಬಂದಾಗ ಹುಡುಗಿಯ ಮನೆಯವರು ತಲೆ ತಗ್ಗಿಸಬಾರದು. ಇದು ನಮ್ಮ ಊರಿನ ನೀರಿನಿಂದ ಬಂದುದು, ಅಂಟುರೋಗವಲ್ಲ, ವಂಶದ ಕಾಯಿಲೆಯಲ್ಲ, ಹುಟ್ಟುವ ಮಗುವಿಗೆ ರಕ್ತದಿಂದ ಹರಿಯುವಂಥದಲ್ಲ ಎಂದು ನೇರವಾಗಿ ಹೇಳಬೇಕು. ಮಧ್ಯಸ್ಥಿಕೆ ವಹಿಸುವ ಹಿರಿಯರೂ ಇದನ್ನು ಹೇಳಲು ಕಲಿಯಬೇಕು.

ತಿಕ್ಕುವುದರಿಂದ ಕಲೆ ಹೋಗದು ಎಂದೆವು. ಇಟ್ಟಿಗೆ ಪುಡಿ, ರಂಗೋಲಿ ಪುಡಿ, ಇದ್ದಿಲು ಇವೆಲ್ಲ ಮೊದಲೇ ದುರ್ಬಲವಾಗಿರುವ ಕವಚವನ್ನು ಸವೆಸಿ, ತಣ್ಣೀರು ತಾಗಿದರೂ ಜುಮ್ಮೆನ್ನುವ ಹಾಗೆ ಮಾಡುತ್ತವೆ. ಆಸಿಡ್ ಹಚ್ಚಿ ಬೆಳ್ಳಗೆ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಲೂ ಬೇಡಿ. ಕಲೆ ಸಣ್ಣದಿದ್ದರೆ ಹಾಗೆಯೇ ಬಿಡಬಹುದು, ಹಲ್ಲಿಗೆ ಅದರಿಂದ ನಷ್ಟವಿಲ್ಲ. ಹೆಚ್ಚಿದ್ದು, ಮಗುವಿಗೆ ಅದರಿಂದ ನೋವಾಗುತ್ತಿದ್ದರೆ, ಹಲ್ಲಿನ ಬಣ್ಣದ ಲೇಪ ಹಾಕಿ ಮುಚ್ಚುವ ವಿಧಾನ ದಂತವೈದ್ಯರಲ್ಲಿದೆ. ಕೆ.ಜಿ.ಎಫ್.ನಲ್ಲಿ ದಂತ ವೈದ್ಯಕೀಯ ಕಾಲೇಜಿದೆ, ಬೆಂಗಳೂರಿನಲ್ಲಿ ಸರಕಾರಿ ದಂತ ಕಾಲೇಜಿದೆ. ಇಂತಹ ಕಾಲೇಜುಗಳ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಳಿಗಿಂತ ಕಡಿಮೆ.

ಇನ್ನು ಹುಳುಕಿನ ಮಾತು.

ಹಾಲುಹಲ್ಲುಗಳು ಇಪ್ಪತ್ತು. ಮೊದಲನೆಯದು ಸುಮಾರು ಆರು ತಿಂಗಳಿಗೆ ಕಾಣಿಸಿಕೊಂಡು, ಕೊನೆಯ ಹಾಲು ದವಡೆ ಹಲ್ಲು ಬೀಳುವಾಗ ಮಗುವಿಗೆ ಹನ್ನೊಂದು ಹನ್ನೆರಡು ವರ್ಷವಾಗಿರುತ್ತದೆ. "ಬಿದ್ದು ಹೋಗುವ" ಈ ಹಲ್ಲಿನಿಂದಲೇ ಮಗು ಹತ್ತು ವರ್ಷ ಅಗಿಯಬೇಕು, ಮಾತು ಕಲಿಯಬೇಕು. ಅದು ಅಕಾಲದಲ್ಲಿ ಕೊಳೆತು ಬಿದ್ದರೆ ಅಕ್ಕಪಕ್ಕದ ಹಲ್ಲುಗಳು ವಾಲಿ, ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಜಾಗವಿಲ್ಲದಂತಾಗುತ್ತದೆ. ಬುಡದಲ್ಲಿ ಕೀವು ತುಂಬಿದರೆ ಒಳಗಿರುವ ಎಳೆಯ ಶಾಶ್ವತ ಹಲ್ಲಿಗೂ ಪೆಟ್ಟು. ಒಂದು ಕಡೆ ಮಾತ್ರ ಅಗಿಯುವ, ಗಟ್ಟಿ ಆಹಾರ ಕಂಡರೆ ಮುಖ ತಿರುಗಿಸುವ ಮಗುವನ್ನು "ಹಟಮಾರಿ" ಎಂದು ಬಯ್ಯುವ ಮೊದಲು ಅದರ ಬಾಯಿ ತೆರೆಸಿ ನೋಡಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಆರು ವರ್ಷದ ಆಸುಪಾಸಿನಲ್ಲಿ, ಎಲ್ಲ ಹಾಲುಹಲ್ಲುಗಳ ಹಿಂದೆ, ಮೇಲೆ ಎರಡು ಕೆಳಗೆ ಎರಡು ದೊಡ್ಡ ದವಡೆ ಹಲ್ಲುಗಳು ಹುಟ್ಟುತ್ತವೆ. ಯಾವ ಹಾಲುಹಲ್ಲೂ ಬೀಳದೆ ಇವು ಬರುವುದರಿಂದ ಪಾಲಕರು ಇವನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ. ಆದರೆ ಇವು ಜೀವನಪರ್ಯಂತದ ಹಲ್ಲುಗಳು. ಇವುಗಳ ತಲೆಯ ಮೇಲೆ ಆಳವಾದ ಗೀರುಗಳಿದ್ದು ಬಿಸ್ಕತ್ತಿನ ಚೂರು ಅಲ್ಲಿ ಕುಳಿತರೆ ಏಳುವುದಿಲ್ಲ. ಒಂದನೆಯ ತರಗತಿಗೆ ಸೇರಿಸುವಾಗ ಹೊಸ ಚೀಲ, ಹೊಸ ಸಮವಸ್ತ್ರ ಕೊಡಿಸುವ ತಂದೆ ಈ ನಾಲ್ಕು ಹಲ್ಲುಗಳು ಬಂದಿವೆಯೇ ಎಂದು ಒಮ್ಮೆ ನೋಡಿದರೆ ದೊಡ್ಡ ಉಪಕಾರ. ಈ ಗೀರುಗಳನ್ನು ತೆಳು ಲೇಪದಿಂದ ಮುಚ್ಚಿ ಹುಳುಕನ್ನು ತಡೆಯುವ ಕ್ರಮವೂ ದಂತವೈದ್ಯರಲ್ಲಿದೆ. ನೋವಿಲ್ಲ, ಸೂಜಿಯಿಲ್ಲ.

ಹುಳುಕು ಎಂಬ ಹೆಸರು ಹುಳದ ನೆನಪು ತರುತ್ತದೆ. ಆದರೆ ಹಲ್ಲಿನಲ್ಲಿ ಹುಳವಿಲ್ಲ. ಬಾಯಿಯಲ್ಲಿರುವ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಸಂತೆಗಳಲ್ಲಿ, ಜಾತ್ರೆ ಉರೂಸುಗಳಲ್ಲಿ ಕುಳಿತು, ಹೊಗೆ ಹಾಕಿ ಹಲ್ಲಿನ ಹುಳ ತೆಗೆದು ಹತ್ತಿಯ ಮೇಲೆ ತೋರಿಸುವವರನ್ನು ನೀವು ನೋಡಿರಬಹುದು. ಆ ಹುಳ ಬರುವುದು ಅವರ ಕೈಚಳಕದಿಂದಲೇ ಹೊರತು ನಿಮ್ಮ ಮಗುವಿನ ಹಲ್ಲಿನಿಂದಲ್ಲ. ನೋವಿನ ಹಲ್ಲಿಗೆ ನಶ್ಯ, ತಂಬಾಕು ತುಂಬುವುದಂತೂ ಇನ್ನೂ ದೊಡ್ಡ ಅಪರಾಧ. ಅರಿವಳಿಕೆ ಆದಂತೆ ಅನಿಸಿ ಮಗು ಸುಮ್ಮನಾಗಬಹುದು. ಆದರೆ ಐದು ವರ್ಷದ ಬಾಯಿಗೆ ತಂಬಾಕಿನ ಪರಿಚಯ ಮಾಡಿಸಿದ್ದು ತಾಯಿಯೇ ಎಂದಾಗುವುದಿಲ್ಲವೇ? ಅಂಗಡಿಯಲ್ಲಿ ತೂಗುಹಾಕಿರುವ ಸಿಹಿ ಅಡಿಕೆಯ ಪೊಟ್ಟಣಗಳೂ ಅದೇ ದಾರಿಯ ಮೊದಲ ಮೆಟ್ಟಿಲು.

ಹಾಗಾದರೆ ಮಕ್ಕಳ ಬಾಯಿಗೆ ಸಕ್ಕರೆ ಹೇಗೆ ಸೇರುತ್ತಿದೆ? ಬಡ ಮನೆಗಳಲ್ಲಿ ಸಿಹಿ ತಿಂಡಿ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ರಾತ್ರಿ ಅಳುವ ಕೂಸಿನ ಬಾಯಿಗೆ ಸಕ್ಕರೆ ಹಾಲಿನ ಬಾಟಲಿ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಕಡಿಮೆಯಾಗುವುದರಿಂದ ಆ ಸಿಹಿ ಹಾಲು ಮೇಲಿನ ಬಾಚಿಹಲ್ಲುಗಳ ಹಿಂದೆ ಇರುಳಿಡೀ ನಿಲ್ಲುತ್ತದೆ. ಎರಡು ವರ್ಷದ ಮಗುವಿನ ಮುಂದಿನ ನಾಲ್ಕೂ ಹಲ್ಲು ಕರಗಿ ಮೊಳೆಗಳಂತಾಗಿರುವುದಕ್ಕೆ ಬಹಳ ಸಲ ಕಾರಣ ಇದೇ. ಅನಂತರ ಮಕ್ತಬ್. ಫಜ್ರ್ ಆದ ಕೂಡಲೇ ಕುರ್‌ಆನ್ ಕಲಿಯಲು ಓಡುವ ಮಗುವಿಗೆ ಒಂದು ಲೋಟ ಚಹಾ, ಎರಡು ರಸ್ಕ್. ಬಂದ ಮೇಲೆ ಮತ್ತೆ ಚಹಾ, ಬನ್ನು. ಶಾಲೆಯ ಬಳಿ ಐದು ರೂಪಾಯಿಯ ಚಾಕಲೇಟು. ಸಂಜೆ ಅಬ್ಬಾ ಕೆಲಸದಿಂದ ಬರುವಾಗ ತಂದ ಬಿಸ್ಕತ್ತು. ಮಲಗುವ ಮುನ್ನ ಸಕ್ಕರೆ ಹಾಲು. ಒಟ್ಟು ಸಕ್ಕರೆ ಎಷ್ಟು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ಎಂಬುದೇ ಹಲ್ಲಿಗೆ ಮುಖ್ಯ. ಪ್ರತಿ ಸಲವೂ ಅರ್ಧ ಗಂಟೆಯಷ್ಟು ಕಾಲ ಬಾಯಿ ಹುಳಿಯಾಗಿರುತ್ತದೆ. ಮದುವೆಯ ಊಟದಲ್ಲಿ ಒಂದು ಬಟ್ಟಲು ಶೀರ್ ಖುರ್ಮಾ ತಿಂದ ಮಗುವಿಗಿಂತ, ದಿನವಿಡೀ ಒಂದೊಂದೇ ಬಿಸ್ಕತ್ತು ಮೆಲ್ಲುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು. ಚಹಾದ ಎಲೆಯಲ್ಲೂ ಫ್ಲೋರೈಡ್ ಇದೆ. ಫ್ಲೋರೈಡ್ ನೀರಿನಲ್ಲಿ ಕುದಿಸಿದ ಸಿಹಿ ಚಹಾವನ್ನು ಮೂರು ವರ್ಷದ ಮಗುವಿಗೆ ಕುಡಿಸಿದರೆ ಎರಡೂ ಕಾಯಿಲೆಗಳಿಗೆ ಒಂದೇ ಲೋಟದಲ್ಲಿ ಆಹ್ವಾನ ಕೊಟ್ಟಂತೆ. ಹಾಲು, ಮಜ್ಜಿಗೆ, ರಾಗಿಗೆ ಕೊರತೆಯಿಲ್ಲದ ಜಿಲ್ಲೆ ಇದು. ರಾಗಿ ಅಂಬಲಿಯಲ್ಲಿ ಸುಣ್ಣಾಂಶ ಧಾರಾಳವಾಗಿದೆ. ಚಹಾ ರಸ್ಕ್‌ನ ಜಾಗದಲ್ಲಿ ಅದನ್ನು ಇಡಲು ಖರ್ಚೂ ಹೆಚ್ಚಿಲ್ಲ.

ಎದೆಹಾಲಿನ ವಿಷಯದಲ್ಲಿ ಒಂದು ಶುಭವಾರ್ತೆ ಇದೆ. ತಾಯಿ ಫ್ಲೋರೈಡ್ ಹೆಚ್ಚಿರುವ ನೀರನ್ನೇ ಕುಡಿಯುತ್ತಿದ್ದರೂ ಆಕೆಯ ಎದೆಹಾಲಿಗೆ ಅದು ಇಳಿಯುವುದು ತೀರಾ ಅತ್ಯಲ್ಪ. ತಾಯಿಯ ದೇಹವೇ ಶಿಶುವಿಗೆ ಶೋಧಕವಾಗಿ ನಿಲ್ಲುತ್ತದೆ. ಎರಡು ವರ್ಷ ಪೂರ್ತಿ ಹಾಲೂಡಿಸುವ ಬಗ್ಗೆ ಕುರ್‌ಆನ್ ಪ್ರಸ್ತಾಪಿಸಿರುವುದು ನಿಮಗೆಲ್ಲ ತಿಳಿದಿದೆ. ಡಬ್ಬದ ಹಾಲಿನ ಪುಡಿಯನ್ನು ಕೊಳವೆಬಾವಿ ನೀರಿನಲ್ಲಿ ಕಲಸಿ ಕೊಟ್ಟರೆ, ಹಲ್ಲಿನ ಕವಚ ಕಟ್ಟಿಕೊಳ್ಳುವ ಆ ತಿಂಗಳುಗಳಲ್ಲೇ ನೀರಿನ ಫ್ಲೋರೈಡೆಲ್ಲ ನೇರವಾಗಿ ಶಿಶುವಿನ ಹೊಟ್ಟೆಗೆ ಹೋಗುತ್ತದೆ.

ಹಲ್ಲುಜ್ಜುವ ಬಗ್ಗೆ ನಾವು ಹೆಚ್ಚು ಹೇಳುವ ಅಗತ್ಯವಿಲ್ಲ. ಬಾಯಿಯ ಶುಚಿತ್ವವನ್ನು ಆರಾಧನೆಯ ಜೊತೆ ಜೋಡಿಸಿದ ಸಮುದಾಯ ನಮ್ಮದು. ಮಿಸ್ವಾಕ್‌ಗೆ ಪ್ರವಾದಿ(ಸ)ಯವರು ಕೊಟ್ಟ ಮಹತ್ವವನ್ನು ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೂ ದೊಡ್ಡವರ ಜೇಬಿನಲ್ಲಿ ಮಿಸ್ವಾಕ್ ಇದೆ, ಮಕ್ಕಳ ಬಾಯಿಯಲ್ಲಿ ಹುಳುಕಿದೆ. ಸುನ್ನತ್ತನ್ನು ನಾವು ನಮ್ಮ ಬಾಯಿಗೆ ಮಾತ್ರ ಸೀಮಿತಗೊಳಿಸಿಕೊಂಡೆವೇ? ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಹಿಂದಿನ ಹಲ್ಲನ್ನು ಸರಿಯಾಗಿ ಉಜ್ಜುವ ಹದ ಬಂದಿರುವುದಿಲ್ಲ. ಬ್ರಶ್ಶಾಗಲಿ, ಮಿಸ್ವಾಕಾಗಲಿ, ಬೇವಿನ ಕಡ್ಡಿಯಾಗಲಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾಯಿಯೋ ತಂದೆಯೋ ಉಜ್ಜಬೇಕು. ಮೊದಲ ಹಲ್ಲು ಬಂದ ದಿನದಿಂದಲೇ ಇದು ಆರಂಭವಾಗಬೇಕು. ದಿನಕ್ಕೆ ಎರಡು ಸಲ ಉಜ್ಜಬೇಕು, ಅದರಲ್ಲೂ ರಾತ್ರಿಯದನ್ನು ತಪ್ಪಿಸಬಾರದು. ಉಜ್ಜಿದ ಮೇಲೆ ನೀರಲ್ಲದೆ ಬೇರೇನನ್ನೂ ಕೊಡಬಾರದು. ಇಶಾ ನಮಾಝಿನ ಹೊತ್ತಿಗೆ ಮಕ್ಕಳ ಹಲ್ಲುಜ್ಜಿ ಮಲಗಿಸುವುದು ಅಬ್ಬಾನ ಕೆಲಸ ಎಂದು ಮನೆಯಲ್ಲಿ ತೀರ್ಮಾನಿಸಿಕೊಂಡರೆ ನಾವು ಆಕ್ಷೇಪಿಸುವುದಿಲ್ಲ.

ಪೇಸ್ಟಿನ ಬಗ್ಗೆ ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ತೊಂದರೆ ಎನ್ನುತ್ತೀರಿ, ಪೇಸ್ಟಿನಲ್ಲೂ ಫ್ಲೋರೈಡ್ ಇದೆಯಲ್ಲ? ಇದೆ. ಹಲ್ಲಿನ ಮೇಲ್ಮೈಗೆ ಅದು ತಾಗಿದರೆ ಹುಳುಕನ್ನು ತಡೆಯುತ್ತದೆ. ಹೊಟ್ಟೆಗೆ ಹೋದರೆ ಕಲೆಗೆ ಕಾರಣವಾಗುತ್ತದೆ. ಪೇಸ್ಟ್ ನುಂಗುವುದೇ ಅಪಾಯ. ಸಾಮಾನ್ಯವಾಗಿ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು ಎನ್ನುತ್ತಾರೆ. ಬ್ರಶ್ಶಿನ ಉದ್ದಕ್ಕೂ ಹಾವಿನಂತೆ ಹಾಕುವುದನ್ನು ಜಾಹೀರಾತಿನವರಿಗೆ ಬಿಟ್ಟುಬಿಡಿ. ಆದರೆ ನಿಮ್ಮ ಮನೆಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ ಎಂದು ಗೊತ್ತಾಗಿದ್ದರೆ, ಉಗುಳಲು ಬಾರದ ಮಗುವಿಗೆ ಯಾವ ಪೇಸ್ಟ್, ಎಷ್ಟು ಎಂಬುದನ್ನು ದಂತವೈದ್ಯರನ್ನೇ ಕೇಳಬೇಕು. ಕೇಳುವಾಗ ನೀರಿನ ವರದಿಯನ್ನೂ ತೋರಿಸಬೇಕು. ಅಲ್ಲಿಯವರೆಗೆ ಒದ್ದೆ ಬ್ರಶ್ಶಿನಿಂದ ಉಜ್ಜುವುದನ್ನು ನಿಲ್ಲಿಸಬೇಡಿ.

ಮತ್ತೆ ನೀರಿಗೆ ಬರೋಣ, ಏಕೆಂದರೆ ಮನೆಯವರ ಶ್ರಮ ಎಷ್ಟಿದ್ದರೂ ಇದು ಮನೆಯೊಳಗೆ ಮುಗಿಯುವ ವಿಷಯವಲ್ಲ.

ಸರಕಾರ ಏನೂ ಮಾಡಿಲ್ಲ ಎಂದು ಹೇಳುವುದು ಅನ್ಯಾಯವಾದೀತು. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕ್ಯಾನು ತುಂಬುವ ಈ ಯಂತ್ರಗಳಲ್ಲಿ ಆರ್.ಓ. ವಿಧಾನ ಇರುವುದರಿಂದ, ಸರಿಯಾಗಿ ಕೆಲಸ ಮಾಡುತ್ತಿದ್ದರೆ ಫ್ಲೋರೈಡಿನ ಬಹುಪಾಲು ಹೋಗುತ್ತದೆ. ಆ ಷರತ್ತಿನಲ್ಲೇ ಎಲ್ಲ ಇದೆ. ಅದರ ಪೊರೆ ಹಳತಾದರೆ ನೀರು ಬರುತ್ತಲೇ ಇರುತ್ತದೆ, ಶುದ್ಧವಾಗುವುದು ಮಾತ್ರ ನಿಲ್ಲುತ್ತದೆ. ಪೊರೆ ಯಾವಾಗ ಬದಲಾಯಿತು, ನೀರನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದು ಗ್ರಾಮ ಪಂಚಾಯತಿಯನ್ನು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಚುನಾವಣೆಯಲ್ಲಿ ಮತ ಕೇಳಲು ಬಂದವರಿಂದ ನಮ್ಮ ಯುವಕರು ಏನೇನನ್ನೋ ಕೇಳುತ್ತಾರೆ. ಈ ಎರಡು ದಿನಾಂಕಗಳನ್ನು ಕೇಳಿದವರನ್ನು ನಾವು ಇನ್ನೂ ಕಂಡಿಲ್ಲ.

ದೊಡ್ಡ ಯೋಜನೆಗಳ ಕಥೆ ಬೇರೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಬತ್ತಿದ ಕೆರೆಗಳು ತುಂಬಿದ್ದನ್ನು ಕಂಡು ರೈತರು ಸಂತೋಷಪಟ್ಟರು. ಎರಡೇ ಹಂತದಲ್ಲಿ ಸಂಸ್ಕರಿಸಿದ ನೀರೆಂದು ಆತಂಕಪಟ್ಟವರೂ ಇದ್ದರು, ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಏನೇ ಇರಲಿ, ಅದು ಅಂತರ್ಜಲ ತುಂಬಿಸಲು ತಂದ ನೀರು, ಕುಡಿಯಲು ಕೊಟ್ಟದ್ದಲ್ಲ. ಯರಗೋಳ್ ಅಣೆಕಟ್ಟೆಯನ್ನು 2023ರ ನವೆಂಬರ್‌ನಲ್ಲಿ ಉದ್ಘಾಟಿಸಲಾಯಿತು. ಅದರ ನೀರು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗಾಗಿ. ಆಂಧ್ರದ ಗಡಿಯಂಚಿನಲ್ಲಿರುವ ನಮಗಾಗಿ ಅಲ್ಲ. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಚಾಲನೆ ಸಿಕ್ಕಿತು. ಕರಾವಳಿಯ ಜನ ಆ ಯೋಜನೆಯನ್ನು ಏಕೆ ವಿರೋಧಿಸಿದರು ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಅಲ್ಲಿಂದ ಶ್ರೀನಿವಾಸಪುರದ ನಲ್ಲಿಯವರೆಗಿನ ದಾರಿ ಬಹಳ ಉದ್ದ. ಇಂದು ತೊಟ್ಟಿಲಲ್ಲಿರುವ ಕೂಸಿಗೆ ಆ ದಾರಿ ಕಾಯುವಷ್ಟು ಸಮಯವಿಲ್ಲ. ಅದರ ಬಾಚಿಹಲ್ಲಿನ ಕವಚ ನಾಲ್ಕೈದು ವರ್ಷದಲ್ಲಿ ಕಟ್ಟಿ ಮುಗಿಯುತ್ತದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಬಿ.ಪಿ.ಎಲ್. ಕುಟುಂಬದ ವೃದ್ಧರಿಗೆ ಉಚಿತ ಕೃತಕ ಹಲ್ಲು ಕಟ್ಟಿಸುವ 'ದಂತ ಭಾಗ್ಯ' ಯೋಜನೆಯನ್ನು ಕರ್ನಾಟಕ ಸರಕಾರ 2014ರಲ್ಲಿ ತಂದಿತು. ಒಳ್ಳೆಯ ಯೋಜನೆ, ಅನೇಕ ಹಿರಿಯರಿಗೆ ಮತ್ತೆ ಅಗಿಯುವ ಸುಖ ಸಿಕ್ಕಿತು. ಆದರೆ ಎಲ್ಲ ಹ‌ಲ್ಲು ಉದುರಿದ ಮೇಲೆ ಸಿಗುವ ಭಾಗ್ಯದ ಸ್ವಲ್ಪ ಪಾಲು ಹಲ್ಲು ಹುಟ್ಟುವಾಗಲೇ ಸಿಗಬಾರದೇ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಹುಳುಕು ಹಲ್ಲೂ ತಪಾಸಣೆಯ ಪಟ್ಟಿಯಲ್ಲಿದೆ. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕು. ಉರ್ದು ಶಾಲೆಗಳಿಗೂ ಇದು ಅನ್ವಯಿಸುತ್ತದೆ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಚೀಟಿ ಬರೆದುಕೊಟ್ಟರೆ ಅದನ್ನು ಕಪಾಟಿನಲ್ಲಿಡದೆ ತಾಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ.

ನಾವೇ ಮಾಡಬಹುದಾದ ಕೆಲಸವೂ ಇದೆ. ಮಸೀದಿ, ಮದ್ರಸಾಗಳ ಕೊಳವೆಬಾವಿಯ ನೀರನ್ನು ಎಷ್ಟೋ ಮಕ್ಕಳು ದಿನವೂ ಕುಡಿಯುತ್ತಾರೆ. ವುಝೂ ಮಾಡಲು ಆ ನೀರಿಗೆ ಯಾವ ಅಡ್ಡಿಯೂ ಇಲ್ಲ. ಸ್ನಾನಕ್ಕೂ, ಬಟ್ಟೆ ಒಗೆಯಲೂ ಅಡ್ಡಿಯಿಲ್ಲ. ಕುಡಿಯುವ ನೀರು, ಅನ್ನ ಬೇಳೆ ಬೇಯಿಸುವ ನೀರು, ಮಗುವಿನ ಹಾಲಿಗೆ ಬೆರೆಸುವ ನೀರು ಇಷ್ಟು ಶುದ್ಧವಾಗಿದ್ದರೆ ಸಾಕು. ಐದು ಜನರ ಮನೆಗೆ ದಿನಕ್ಕೆ ಸುಮಾರು 25 ಲೀಟರ್, ವರ್ಷಕ್ಕೆ ಒಂಬತ್ತು ಸಾವಿರ ಲೀಟರ್. ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್‌ಗೂ ತುಸು ಹೆಚ್ಚು. ಸಾವಿರ ಚದರ ಅಡಿಯ ಒಂದು ಚಾವಣಿಯ ಮೇಲೆ ಬೀಳುವ ಮಳೆಯನ್ನು ಹಿಡಿದರೆ, ಚೆಲ್ಲಿದ್ದು ಹೋಗಿ, ವರ್ಷಕ್ಕೆ 50 ಸಾವಿರ ಲೀಟರ್ ಸಿಗುತ್ತದೆ. ಮಳೆನೀರಿನಲ್ಲಿ ಕಲ್ಲಿನ ಫ್ಲೋರೈಡ್ ಇಲ್ಲ. ಮೊದಲ ಮಳೆಯನ್ನು ಹರಿಯಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದು, ಕಾಯಿಸಿ ಕುಡಿಯಬಹುದು. ಮಿನಾರಕ್ಕೆ ಬಣ್ಣ ಬಳಿಸಲು ಚಂದಾ ಎತ್ತುವ ಸಮಿತಿಗಳು ಒಂದು ವರ್ಷ ಆ ಹಣದಲ್ಲಿ ಚಾವಣಿಗೆ ಕೊಳಾಯಿ, ನೆಲದಡಿ ತೊಟ್ಟಿ ಕಟ್ಟಿಸಬಾರದೇಕೆ? ಅದರ ನೀರನ್ನು ಜಾತಿ ಧರ್ಮ ನೋಡದೆ ಊರಿನ ಎಲ್ಲ ಬಾಣಂತಿಯರ ಮನೆಗೂ ಒಂದೊಂದು ಕೊಡ ಕೊಡಬಹುದು. ಫ್ಲೋರೈಡಿಗೆ ಯಾವ ಮೊಹಲ್ಲಾ, ಯಾವ ಕೇರಿ ಎಂಬ ಭೇದವಿಲ್ಲ.

ಎಲ್ಲಕ್ಕಿಂತ ಮೊದಲು ಪರೀಕ್ಷೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರೆಂದು ಪಂಚಾಯತಿಯಲ್ಲಿ ವಿಚಾರಿಸಿ. ಇದುವರೆಗೆ ಯಾರೂ ಇಲ್ಲವಾದರೆ ನಮ್ಮ ಹೆಣ್ಣುಮಕ್ಕಳ ಹೆಸರನ್ನೂ ಕೊಡಿ. ನಿಖರವಾದ ಅಂಕಿ ಬೇಕಿದ್ದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಬೇಕು. ಶುದ್ಧವಾದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ಸಾಕು, ಗಾಜಿನದು ಬೇಡ. ಮೋಟಾರ್ ಹಾಕಿ ಐದು ನಿಮಿಷ ನೀರು ಹರಿಯಲು ಬಿಡಿ. ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ತೊಳೆದು, ಕಂಠದವರೆಗೆ ತುಂಬಿ ಮುಚ್ಚಿ. ಊರು, ಕೊಳವೆಬಾವಿ ಇರುವ ಜಾಗ, ಅದರ ಆಳ, ಹಿಡಿದ ದಿನಾಂಕ ಇಷ್ಟನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲ ಕಳೆದ ಮೇಲೆ ಇನ್ನೊಂದು ಸಲ ಮಾಡಿಸಬೇಕು, ಏಕೆಂದರೆ ಅಂಕಿ ಬದಲಾಗುತ್ತದೆ. ವರದಿ ಬಂದ ಮೇಲೆ ಅದನ್ನು ಮಸೀದಿಯ ಸೂಚನಾ ಫಲಕದಲ್ಲಿ, ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿ. ಒಂದು ಪ್ರತಿಯನ್ನು ಅಂಗನವಾಡಿ ಕಾರ್ಯಕರ್ತೆಗೂ ಕೊಡಿ.